ಶಿಕ್ಷಣ ಮೇಳಕ್ಕೆ ಹೊರಡುವ ಮುನ್ನ

ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಸ್ನಾತಕೋತ್ತರ ಶಿಕ್ಷಣ ಮೇಳವೆಂದರೆ ಬೆಂಗಳೂರಿಗೆ ಹೋಗಿಬರುವುದುಂಟು. ಸಾಗರದವರಿಗೆ ರೈಲಿದೆ, ಹೊಸನಗರ, ತೀರ್ಥಹಳ್ಳಿಯವರಿಗೆ ರಾತ್ರಿ ಬಸ್ಸೇ ಗತಿ. ನಿದ್ದೆಗೆಟ್ಟು ಹೋಗಿ, ಚೀಲದ ತುಂಬ ಬಣ್ಣದ ಕೈಪಿಡಿಗಳನ್ನು ಹೊತ್ತು ಮರಳಿದರೆ ಪ್ರಯಾಣ ವ್ಯರ್ಥವೇ ಸರಿ. ಕೈಪಿಡಿಯಲ್ಲಿರುವುದೆಲ್ಲ ಮನೆಯಲ್ಲೇ ಕುಳಿತು ಅಂತರಜಾಲದಲ್ಲಿ ಓದಬಹುದು. ಮೇಳದಲ್ಲಿ ಮಾತ್ರ ಸಿಗುವುದು ಪ್ರತಿನಿಧಿಯೊಡನೆ ಐದು ನಿಮಿಷದ ಮಾತು.

ಮೇಜಿನ ಆಚೆ ಕುಳಿತವರು ಯಾರೆಂಬುದನ್ನು ಮೊದಲು ತಿಳಿಯಿರಿ. ಅವರು ಪ್ರಾಧ್ಯಾಪಕರಾಗಿರಬಹುದು, ಪ್ರವೇಶ ವಿಭಾಗದ ಅಧಿಕಾರಿಯಾಗಿರಬಹುದು, ಅಥವಾ ಸೇರಿಸಿದ ಪ್ರತಿ ವಿದ್ಯಾರ್ಥಿಗೂ ಕಮಿಷನ್ ಪಡೆಯುವ ಏಜೆಂಟರಾಗಿರಬಹುದು. ಕಮಿಷನ್ ಪಡೆಯುವುದು ಅಪರಾಧವಲ್ಲ. ಆದರೆ ಅಂಥವರ ಸಲಹೆಯನ್ನು ಅಂಗಡಿಯವರ ಮಾತಿನಂತೆಯೇ ತೂಗಿ ನೋಡಬೇಕು. "ತಾವು ವಿಶ್ವವಿದ್ಯಾಲಯದ ಸಿಬ್ಬಂದಿಯೇ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ನಿಮ್ಮ ಪರಿಚಯ. ಮೂರು ವಾಕ್ಯ ಸಾಕು: ಏನು ಓದುತ್ತಿದ್ದೀರಿ, ಯಾವ ವಿಷಯದಲ್ಲಿ ಆಸಕ್ತಿ, ಅದು ಹುಟ್ಟಿದ್ದು ಎಲ್ಲಿ. "ನನಗೆ ಸಸ್ಯಶಾಸ್ತ್ರ ಇಷ್ಟ" ಎಂದರೆ ಕೇಳುವವರಿಗೆ ಏನೂ ತಿಳಿಯದು. "ನಮ್ಮೂರಿನ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಂದಿದೆ, ಅದಕ್ಕೆ ಕಾರಣವಾದ ಶಿಲೀಂಧ್ರದ ಬಗ್ಗೆ ಅಧ್ಯಯನ ಮಾಡಬೇಕೆಂದಿದ್ದೇನೆ" ಎಂದರೆ ಎದುರಿನವರು ತಲೆಯೆತ್ತಿ ನೋಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಮೂರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ. ಉಚ್ಚಾರಣೆಗೆ ಅಂಜಬೇಕಾಗಿಲ್ಲ.

ಕೇಳಲೇಬೇಕಾದ ಪ್ರಶ್ನೆ ನಿಮ್ಮ ಪದವಿಯ ಅವಧಿಯದು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಕ್ರಮ ಜಾರಿಗೆ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷಗಳ ವ್ಯಾಸಂಗ ಬಯಸುತ್ತವೆ. ಇದನ್ನು ಕೇಳದೆ ಅರ್ಜಿ ಶುಲ್ಕ ಕಟ್ಟಿದರೆ ಹಣ ಹೋದಂತೆಯೇ. ಅಂಕಪಟ್ಟಿಯ ನಕಲು ಜೊತೆಯಲ್ಲಿರಲಿ. ಶೇಕಡಾವಾರು ಅಂಕಗಳನ್ನು ನೀವೇ ಅವರ ಲೆಕ್ಕಕ್ಕೆ ಪರಿವರ್ತಿಸಿ ಹೇಳಬೇಡಿ.

ಹಣದ ಮಾತಿಗೆ ನಮ್ಮವರು ಸಂಕೋಚಪಡುತ್ತಾರೆ. ತೋಟದ ಪಹಣಿ ಬ್ಯಾಂಕಿಗೆ ಹೋಗುವ ಪ್ರಸಂಗವಿರುವಾಗ ಸಂಕೋಚವೇಕೆ? "ವಿದ್ಯಾರ್ಥಿವೇತನ ಉಂಟೇ?" ಎಂದರೆ ಎಲ್ಲರೂ "ಉಂಟು" ಎನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ಕಳೆದ ವರ್ಷ ಈ ವಿಭಾಗಕ್ಕೆ ಸೇರಿದವರಲ್ಲಿ ಎಷ್ಟು ಮಂದಿಗೆ ನೆರವು ಸಿಕ್ಕಿತು? ಅದು ಶುಲ್ಕಕ್ಕೆ ಮಾತ್ರವೋ, ಊಟ ವಸತಿಗೂ ಸೇರಿಯೋ? ಎರಡನೆಯ ವರ್ಷವೂ ಮುಂದುವರಿಯುವುದೋ? ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುಮಟ್ಟಿಗೆ ಇಲ್ಲವೆಂಬುದು ನಿಜ. ಆದರೆ ವೀಸಾ ಪಡೆಯಲು ಸಾಮಾನ್ಯವಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿ, 1966ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಆ ವಿದ್ಯಾರ್ಥಿವೇತನ ಈಗಲೂ ಇದೆ. ಅದರ ಹೆಸರು ಹಿಡಿದೇ ವಿಚಾರಿಸಿ.

ಮೇಳದಲ್ಲಿ ಹೊರದೇಶದ ಮಳಿಗೆಗಳೇ ಕಣ್ಣು ಕುಕ್ಕುತ್ತವೆ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಕೇಂದ್ರೀಯ ವಿಶ್ವವಿದ್ಯಾಲಯಗಳನ್ನು ಮರೆಯಬೇಡಿ. ವಿಜ್ಞಾನ ಪದವೀಧರರಿಗೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆ ಫೆಬ್ರುವರಿಯಲ್ಲಿರುತ್ತದೆ. ಅರ್ಜಿ ಅದಕ್ಕಿಂತ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಂತೂ ಮನೆಬಾಗಿಲಲ್ಲೇ ಇದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅಡಿಕೆ ರೋಗದ ಆಸಕ್ತಿಯುಳ್ಳವರು ಸಾಮಾನ್ಯ ಬಿ.ಎಸ್ಸಿ. ಪದವಿಗೆ ಅಲ್ಲಿ ಪ್ರವೇಶವುಂಟೇ ಎಂದು ಮೊದಲು ಕೇಳಲಿ. ಹೆಸರೇ ಕೇಳದ ಸಂಸ್ಥೆ ಎದುರಾದರೆ, ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೊಮ್ಮೆ ನೋಡಿ.

ಸ್ಥಳದಲ್ಲೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಯಾರಾದರೂ ಹೇಳಿದರೆ, "ಮನೆಯಲ್ಲಿ ಕೇಳಿ ತಿಳಿಸುತ್ತೇನೆ" ಎಂದು ಎದ್ದು ಬನ್ನಿ. ಸಾಧ್ಯವಾದರೆ ಅಪ್ಪಯ್ಯನನ್ನೋ ಅಮ್ಮನನ್ನೋ ಜೊತೆಗೇ ಕರೆದೊಯ್ಯಿರಿ. ಯಾರು ಏನು ಹೇಳಿದರೆಂಬುದನ್ನು ಮಳಿಗೆಯಿಂದ ಹೊರಬಂದ ತಕ್ಷಣ ಬರೆದುಕೊಳ್ಳಿ. ರಾತ್ರಿ ಬಸ್ಸಿನಲ್ಲಿ ಕುಳಿತಾಗ ಎಲ್ಲ ಹೆಸರುಗಳೂ ಒಂದೇ ಎನಿಸತೊಡಗುತ್ತವೆ. ವಾರದೊಳಗೆ ಅವರಿಗೆ ಒಂದು ಚಿಕ್ಕ ಇ-ಮೇಲ್ ಕಳುಹಿಸಿ, ನೆರವಿನ ಬಗ್ಗೆ ಹೇಳಿದ ಮಾತನ್ನು ಬರಹದಲ್ಲಿ ತರಿಸಿಕೊಳ್ಳಿ.