ಗಾಲೆ ಕೋಟೆಯೊಳಗೆ ರೂಮು ಹಿಡಿಯುವ ಮುನ್ನ

2010ರಲ್ಲಿ ಮುರಳೀಧರನ್ ಭಾರತದ ವಿರುದ್ಧ 800ನೇ ವಿಕೆಟ್ ಕಿತ್ತ ಶ್ರೀಲಂಕೆಯ ಗಾಲೆ ಮೈದಾನ ನೆನಪಿದೆಯೇ? ಟಿವಿಯಲ್ಲಿ ಅದರ ಹಿಂದೆ ಕಾಣುವ ಕಲ್ಲಿನ ಗೋಡೆಯಾಚೆ ಒಂದು ಇಡೀ ಊರಿದೆ. ಪೋರ್ಚುಗೀಸರು ಶುರುಮಾಡಿದ ಕೋಟೆಯನ್ನು 1640ರಲ್ಲಿ ಗೆದ್ದ ಡಚ್ಚರು ಅದನ್ನು ಬಲಪಡಿಸಿದರು. 1988ರಲ್ಲಿ ಅದು ಯುನೆಸ್ಕೊ ಪಟ್ಟಿ ಸೇರಿತು. ಒಳಗೆ ಈಗಲೂ ಸಂಸಾರಗಳಿವೆ, ಮಸೀದಿಯಿದೆ, ಶಾಲೆಯಿದೆ. ಅಲ್ಲಿನ ಕೆಲವು ಹಳೆಯ ಮನೆಗಳೇ ಇಂದು ಗೆಸ್ಟ್‌ಹೌಸ್‌ಗಳು.

ಗಾಲೆಗೆ ಹೋದವರಲ್ಲಿ ಹಲವರು ತಂಗುವುದು ಕೆಲವೇ ಕಿಲೋಮೀಟರ್ ದೂರದ ಉನವಟುನ ಕಡಲತೀರದಲ್ಲಿ. ದಿನವಿಡೀ ಈಜುವ ಆಸೆಯಿದ್ದರೆ ಅದೇ ಸರಿ. ಕೋಟೆಯಲ್ಲಿ ದೀಪಸ್ತಂಭದ ಕೆಳಗೊಂದು ಪುಟ್ಟ ಮರಳದಂಡೆ ಇದೆ, ಅಷ್ಟೆ. ಊರು ನೋಡಬೇಕೆಂದಿದ್ದರೆ ಮಾತ್ರ ಗೋಡೆಯೊಳಗೇ ಉಳಿಯಿರಿ, ಬಾಡಿಗೆ ತುಸು ಹೆಚ್ಚಾದರೂ ಸರಿ. ಹಗಲು ಕೊಲಂಬೊದಿಂದ ಬಂದ ಬಸ್ಸುಗಳ ಜನ ಬೀದಿ ತುಂಬಿರುತ್ತಾರೆ. ಅವರು ಬರುವ ಮುಂಚಿನ ಮುಂಜಾನೆ, ಹೋದ ಮೇಲಿನ ರಾತ್ರಿ, ಇವೆರಡು ಒಳಗೆ ಉಳಿದವರ ಪಾಲಿಗೆ.

ರೂಮು ಆರಿಸುವಾಗ ಮನೆಯ ಕಟ್ಟೋಣ ಗೊತ್ತಿರಬೇಕು. ಬೀದಿಗೆ ಕಂಬದ ಜಗಲಿ, ಒಳಗೆ ಆಕಾಶಕ್ಕೆ ತೆರೆದ ಅಂಗಳ. ನಮ್ಮ ತೊಟ್ಟಿಮನೆ ಕಂಡವರಿಗೆ ಹೊಸತೇನಲ್ಲ. ಹವಳದ ಕಲ್ಲು, ಸುಣ್ಣದ ಗಾರೆಯ ದಪ್ಪ ಗೋಡೆಗಳು ಹಗಲಿನ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಆದರೆ ಕಡಲ ತೇವ ಹೀರಿದ ಗೋಡೆಯ ಬುಡದಲ್ಲಿ ಸುಣ್ಣ ಹಕ್ಕಳೆಯೇಳುತ್ತದೆ, ಕಿಟಕಿ ಚಿಕ್ಕದಾದ ಕೋಣೆಗೆ ಮುಗ್ಗಲು ವಾಸನೆ. ಹಾಗಾಗಿ ಅಂಗಳದ ಕಡೆ ಕಿಟಕಿಯಿರುವ ರೂಮನ್ನೇ ಕೇಳಿ. ಮಾಳಿಗೆಯಲ್ಲಿ ಗಾಳಿ ಹೆಚ್ಚು. ಮೆಟ್ಟಿಲು ಮಾತ್ರ ಕಡಿದು. ಪುರಾತನ ಕಟ್ಟಡಗಳನ್ನು ಮನಬಂದಂತೆ ಒಡೆದು ಕಟ್ಟುವಂತಿಲ್ಲ, ಹಾಗಾಗಿ ಲಿಫ್ಟನ್ನು ನಂಬಿಕೊಳ್ಳಬೇಡಿ. ಮಂಡಿನೋವಿನ ಹಿರಿಯರಿದ್ದರೆ ನೆಲಮಹಡಿ ಎಂದು ಮೊದಲೇ ಹೇಳಿಬಿಡಿ. ದೀಪಸ್ತಂಭದ ಬಳಿ ಉಳಿದರೆ ಮಸೀದಿಯ ಬೆಳಗಿನ ಆಜಾನ್‌ಗೆ ಎಚ್ಚರವಾಗುತ್ತದೆ. ಎದ್ದದ್ದೇ ಆದರೆ ಕೋಟೆಗೋಡೆಯ ಮೇಲೆ ನಡೆದುಬನ್ನಿ, ಬಿಸಿಲೇರಿದ ಮೇಲೆ ಅಲ್ಲಿ ನೆರಳು ಕಡಿಮೆ. 2004ರ ಸುನಾಮಿ ಹೊರಗಿನ ಪೇಟೆಯನ್ನು ನುಂಗಿದಾಗ ಒಳಗಿನ ಊರನ್ನು ಬಹುಮಟ್ಟಿಗೆ ಕಾದದ್ದು ಇದೇ ಗೋಡೆ.

ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಮಳೆ, ಕಡಲೂ ಒರಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ, ಬಾಡಿಗೆ ಏರುವುದೂ ಆಗಲೇ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ರೈಲು ಹತ್ತುವವರು ಬಲಗಡೆ ಕೂರಿ, ದಾರಿಯ ಹಲವೆಡೆ ಕಡಲು ಕಾಣುತ್ತದೆ. ಗಾಲೆಯಲ್ಲಿ ಇಳಿದರೆ ಕೋಟೆ ಬಾಗಿಲು ನಡೆಯುವಷ್ಟೇ ದೂರ.

ಸಸ್ಯಾಹಾರಿಗಳಿಗೆ ಕೊನೆಯದೊಂದು ಮಾತು. ತಿಂಡಿಗೆ ಅಪ್ಪ, ಒತ್ತುಶಾವಿಗೆಯ ಜೊತೆ ಕೆಂಪಗಿನ ಕಾಯಿಚಟ್ನಿಯಂಥ ಪೊಲ್ ಸಂಬೋಲ ಬಡಿಸುತ್ತಾರೆ. ಅದರಲ್ಲಿ ಒಣಮೀನಿನ ಪುಡಿ ಬೆರೆಸುವುದು ವಾಡಿಕೆ. ಹಾಕದೆ ಮಾಡಿಕೊಡಿ ಎಂದು ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿಡಿ.