ದಿನ ತುಂಬದ ಕೂಸಿನ ಕಣ್ಣು

ಗರ್ಭದಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಕಾಡುವ ಅಕ್ಷಿಪಟಲದ ರೋಗವು, ವೈದ್ಯರು ಚುಟುಕಾಗಿ ಆರ್‌ಒಪಿ ಎಂದು ಕರೆಯುವ ಈ ಕಾಯಿಲೆಯು, ವೈದ್ಯಕೀಯದ ಯಶಸ್ಸಿನ ಬೆನ್ನಿಗೇ ಬಂದುದಾಗಿದೆ. ಹಿಂದೆ ಉಳಿಯುವುದೇ ಕಷ್ಟವಾಗಿದ್ದ ಒಂದು, ಒಂದೂವರೆ ಕಿಲೋ ತೂಕದ ಕೂಸುಗಳು ಆಮ್ಲಜನಕದ ನೆರವಿನಿಂದ ಬದುಕತೊಡಗಿದ ಮೇಲೆಯೇ ಅವುಗಳ ಕಣ್ಣನ್ನೂ ಉಳಿಸಬೇಕಾದ ಹೊಣೆ ಎದುರಾಯಿತು.

ಕಣ್ಣಿನ ಒಳಭಿತ್ತಿಯಲ್ಲಿದ್ದು ಬೆಳಕನ್ನು ಗ್ರಹಿಸುವ ತೆಳುಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಇದರ ರಕ್ತನಾಳಗಳು ಗರ್ಭದ ಸುಮಾರು 16ನೆಯ ವಾರದಲ್ಲಿ ದೃಷ್ಟಿನರದ ಬುಡದಿಂದ ಹೊರಟು, ಮೂಗಿನ ಕಡೆಯ ಅಂಚನ್ನು 36ನೆಯ ವಾರದ ಸುಮಾರಿಗೂ ಕಿವಿಯ ಕಡೆಯ ಅಂಚನ್ನು 40ನೆಯ ವಾರದ ಸುಮಾರಿಗೂ ತಲುಪುತ್ತವೆ. ನಾಳಗಳು ಅಂಚು ಮುಟ್ಟುವ ಮೊದಲೇ ಹೆರಿಗೆಯಾಗಿ, ಗರ್ಭದಲ್ಲಿದ್ದುದಕ್ಕಿಂತ ಹೆಚ್ಚು ಆಮ್ಲಜನಕ ಕಣ್ಣಿಗೆ ದೊರೆತರೆ, ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನಿನ ಉತ್ಪಾದನೆ ಕುಗ್ಗಿ ಬೆಳವಣಿಗೆ ನಡುವೆಯೇ ನಿಲ್ಲುತ್ತದೆ. ಕೆಲವು ವಾರಗಳ ಬಳಿಕ, ನಾಳಗಳಿಲ್ಲದ ಭಾಗವು ಆಮ್ಲಜನಕ ಸಾಲದೆ ಅದೇ ಪ್ರೋಟೀನನ್ನು ಅತಿಯಾಗಿ ಸ್ರವಿಸಿದಾಗ, ದುರ್ಬಲವಾದ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಹುಟ್ಟಿಕೊಂಡು, ಕಲೆಗಟ್ಟಿ, ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕಳಚಿಬಿಡುತ್ತವೆ.

ಬಾಸ್ಟನ್ನಿನ ವೈದ್ಯ ಟೆರಿ ಅವರು 1942ರಲ್ಲಿ ಈ ಸ್ಥಿತಿಯನ್ನು ಮೊದಲು ವರ್ಣಿಸಿದಾಗ ಕಾರಣ ತಿಳಿದಿರಲಿಲ್ಲ. ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ 1951ರಲ್ಲಿ ಆಮ್ಲಜನಕದ ಕಡೆಗೆ ಬೆರಳು ತೋರಿದರು; ಮುಂದೆ ಅಮೆರಿಕದಲ್ಲಿ ನಡೆದ ಪ್ರಯೋಗ ಅದನ್ನು ದೃಢಪಡಿಸಿತು. ಆಮ್ಲಜನಕವನ್ನು ತೀರ ಕಡಿತಗೊಳಿಸಿದರೆ ಜೀವಕ್ಕೇ ಅಪಾಯವಿದ್ದುದರಿಂದ, ಅಳತೆಯರಿತು ಕೊಡುವುದೂ ಕಣ್ಣನ್ನು ಕಾಲಕಾಲಕ್ಕೆ ನೋಡುವುದೂ ಅನಿವಾರ್ಯವಾದವು.

ಭಾರತದಲ್ಲಿ 2000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಜನಿಸಿದ ಶಿಶುಗಳ ಕಣ್ಣನ್ನು 30 ದಿನಗಳೊಳಗೆ ಪರೀಕ್ಷಿಸಬೇಕೆಂಬ ಸೂಚನೆಯಿದೆ. ತೀರ ಚಿಕ್ಕ ಕೂಸುಗಳಿಗೆ ಈ ಗಡುವು ಇನ್ನೂ ಮೊದಲು. ಅಮೆರಿಕದ ಮಿತಿ 1500 ಗ್ರಾಂ ಆಗಿದ್ದರೂ, ಇಲ್ಲಿ ಅದಕ್ಕಿಂತ ದೊಡ್ಡ ಶಿಶುಗಳಲ್ಲಿಯೂ ರೋಗ ಉಲ್ಬಣಿಸುವುದು ಕಂಡುಬಂದಿರುವುದರಿಂದ ಪಾಶ್ಚಾತ್ಯ ಅಳತೆಗೋಲನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಪರೀಕ್ಷೆಗೆಂದು ಮೊದಲು ಹನಿಹಾಕಿ ಕಣ್ಣಪಾಪೆಯನ್ನು ಹಿಗ್ಗಿಸಿ, ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮರಗಟ್ಟಿಸುವ ಇನ್ನೊಂದು ಹನಿಯ ನಂತರ ಸಣ್ಣ ತಂತಿಯ ಸಾಧನದಿಂದ ರೆಪ್ಪೆಗಳನ್ನು ಬಿಡಿಸಿಡುತ್ತಾರೆ. ಆಗ ಕೂಸು ಜೋರಾಗಿ ಅಳುವುದರಿಂದ ಹೆತ್ತವರು ಬೆದರುತ್ತಾರಾದರೂ, ನೋಟ ಮುಗಿಯಲು ಕೆಲವೇ ನಿಮಿಷ ಸಾಕು.

ಇಂಥ ಪರೀಕ್ಷೆ ಬಲ್ಲ ತಜ್ಞರು ಬಹುಪಾಲು ನಗರಗಳಲ್ಲೇ ಇರುವುದು ನಿಜವಾದ ತೊಡಕು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆಯು ಇದಕ್ಕೆ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ತರಬೇತಿ ಪಡೆದ ತಂತ್ರಜ್ಞರು ವಿಶಾಲಕೋನದ ಕ್ಯಾಮೆರಾದೊಂದಿಗೆ ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೇ ಹೋಗಿ, ಅಕ್ಷಿಪಟಲದ ಚಿತ್ರ ತೆಗೆದು, ಚಿಕಿತ್ಸೆ ಬೇಕಾದುದಕ್ಕೆ ಕೆಂಪು, ಮತ್ತೆ ನೋಡಬೇಕಾದುದಕ್ಕೆ ಕಿತ್ತಳೆ, ಆತಂಕವಿಲ್ಲದುದಕ್ಕೆ ಹಸಿರು ಎಂದು ವಿಂಗಡಿಸಿ ಕಳುಹಿಸಿದರೆ, ದೂರದಲ್ಲಿರುವ ತಜ್ಞರು ತಮ್ಮ ಫೋನಿನಲ್ಲೇ ಅವನ್ನು ಪರಿಶೀಲಿಸಿ ತೀರ್ಮಾನ ತಿಳಿಸುತ್ತಾರೆ. ಯಂತ್ರಕ್ಕಿಂತಲೂ, ವೈದ್ಯರಲ್ಲದವರ ಕೈಗೆ ನಂಬಿ ಕೆಲಸ ವಹಿಸಿದ ಧೈರ್ಯವೇ ಇಲ್ಲಿನ ದೊಡ್ಡ ಹೆಜ್ಜೆ.

ರೋಗ ತೀವ್ರವಾಗಿದೆ ಎಂದು ಕಂಡುಬಂದರೆ ಎರಡು ಮೂರು ದಿನಗಳೊಳಗೆ ಚಿಕಿತ್ಸೆಯಾಗಬೇಕು. ಮೊದಲಿಗೆ ನಾಳರಹಿತ ಭಾಗವನ್ನು ಹೆಪ್ಪುಗಟ್ಟಿಸುವ ಕ್ರಯೋ ವಿಧಾನವಿದ್ದು, ಬಳಿಕ ಲೇಸರ್ ಅದರ ಸ್ಥಾನ ಪಡೆಯಿತು. ವಿಇಜಿಎಫ್ ತಡೆಯುವ ಔಷಧವನ್ನು ಕಣ್ಣಿನೊಳಗೆ ಚುಚ್ಚಿದರೆ ದೃಷ್ಟಿನರಕ್ಕೆ ಹತ್ತಿರದ ವಲಯದ ರೋಗ ಲೇಸರಿಗಿಂತ ಕಡಿಮೆ ಪ್ರಮಾಣದಲ್ಲಿ ಮರುಕಳಿಸುತ್ತದೆ ಎಂದು 2011ರ ಅಧ್ಯಯನವೊಂದು ತೋರಿಸಿತು. ಆದರೆ ಚುಚ್ಚುಮದ್ದಿನ ಪರಿಣಾಮ ಇಳಿದ ಮೇಲೆ ರೋಗ ತಡವಾಗಿ ಮರಳಬಹುದಾದುದರಿಂದ ತಿಂಗಳುಗಟ್ಟಲೆ ನಿಗಾ ಬೇಕಾಗುತ್ತದೆ. ಅಕ್ಷಿಪಟಲ ಪೂರ್ತಿ ಕಳಚಿದ ಮೇಲೆ ಮಾಡುವ ಶಸ್ತ್ರಕ್ರಿಯೆಯಿಂದ ಬಹುಮಟ್ಟಿಗೆ ಅಲ್ಪದೃಷ್ಟಿಯಷ್ಟೇ ದಕ್ಕುತ್ತದೆ.

ಈ ನಿರ್ಣಾಯಕ ವಾರಗಳು ಬಾಣಂತನದ ಅವಧಿಯಲ್ಲೇ ಬರುತ್ತವೆ. ತವರಿನಲ್ಲಿರುವ ಬಾಣಂತಿ ಮತ್ತು ಕೂಸನ್ನು ಗಾಳಿ ಸೋಕದಂತೆ ಒಳಗಿರಿಸುವ ರೂಢಿಯಿರುವಾಗ, ಹೊರನೋಟಕ್ಕೆ ಏನೂ ತೋರದ ಕಣ್ಣಿಗಾಗಿ ಐವತ್ತು ಮೈಲಿ ಪ್ರಯಾಣ ಮಾಡಬೇಕೆಂದರೆ ಅಜ್ಜಿಯರು ಒಪ್ಪದಿರುವುದು ಸಹಜ. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಮುಂದಿನ ಕಣ್ಣಿನ ಪರೀಕ್ಷೆಯ ದಿನಾಂಕವನ್ನು ಚೀಟಿಯಲ್ಲಿ ಬರೆದು, ತಾಯಿಗಷ್ಟೇ ಅಲ್ಲದೆ ತವರಿನ ಹಿರಿಯರಿಗೂ ಆಶಾ ಕಾರ್ಯಕರ್ತೆಗೂ ವಿವರಿಸಿ ಹೇಳುವುದು ಚಿಕಿತ್ಸೆಯ ಭಾಗವೇ ಆಗಬೇಕು.