ಮೂಕ ಯಂತ್ರಕ್ಕೆ ಮಾತು ಕಲಿಸಿದವರು

ಗಣಕಯಂತ್ರದ ಭಾಗಗಳು ಎಷ್ಟೇ ಉತ್ತಮವಾಗಿರಲಿ, ಅವುಗಳಿಂದ ಕೆಲಸ ಮಾಡಿಸಬಲ್ಲ ‘ಡ್ರೈವರ್’ ಎಂಬ ತಂತ್ರಾಂಶವಿಲ್ಲದಿದ್ದರೆ ಮೂಕವಾಗಿ ಕುಳಿತುಬಿಡುತ್ತವೆ. 2005ರ ಸುಮಾರಿಗೆ, ಯಾರು ಬೇಕಾದರೂ ಓದಿ ತಿದ್ದಬಹುದಾದ ಲಿನಕ್ಸ್ ವ್ಯವಸ್ಥೆಯನ್ನು ತಮ್ಮ ಲ್ಯಾಪ್‌ಟಾಪಿಗೆ ಅಳವಡಿಸಿಕೊಂಡ ಅನೇಕರಿಗೆ ಇದೇ ಅನುಭವವಾಯಿತು. ಪರದೆ ಬೆಳಗಿತು, ಕೀಲಿಮಣೆ ಹೇಳಿದಂತೆ ಕೇಳಿತು. ಬ್ರಾಡ್‌ಕಾಮ್ ಸಂಸ್ಥೆಯ ವೈ-ಫೈ ಕಾರ್ಡು ಮಾತ್ರ ಮೌನ ಮುರಿಯಲಿಲ್ಲ. ಅದರ ಒಳಗುಟ್ಟನ್ನು ತಿಳಿಸುವ ಕೈಪಿಡಿಯನ್ನು ಸಂಸ್ಥೆ ಪ್ರಕಟಿಸಿರಲಿಲ್ಲ.

ಹವ್ಯಾಸಿಗಳು ಕೈಕಟ್ಟಿ ಕೂರಲಿಲ್ಲ, ಎರಡು ತಂಡಗಳಾದರು. ಮೊದಲನೆಯದು ಸಂಸ್ಥೆಯ ಡ್ರೈವರನ್ನು ಬಿಡಿಸಿ ನೋಡಿ, ಕಾರ್ಡು ಯಾವ ಆಜ್ಞೆಗೆ ಹೇಗೆ ಓಗೊಡುತ್ತದೆಂಬುದನ್ನು ವಿವರವಾಗಿ ಬರೆದಿಟ್ಟಿತು. ಎರಡನೆಯದು ಮೂಲವನ್ನು ಕಣ್ಣೆತ್ತಿಯೂ ನೋಡದೆ, ಆ ಬರಹವೊಂದನ್ನೇ ನೆಚ್ಚಿ ಹೊಸ ಡ್ರೈವರನ್ನು ರಚಿಸಿತು. ಇಷ್ಟೇಕೆ ಮಡಿವಂತಿಕೆ? ಕೃತಿಚೌರ್ಯದ ಆಪಾದನೆ ಬಂದು ಪಟ್ಟ ಶ್ರಮವೆಲ್ಲ ನೀರುಪಾಲಾಗಬಾರದಲ್ಲವೆ!

2006ರ ಜೂನಿನಲ್ಲಿ ಹೊರಬಂದ ಲಿನಕ್ಸ್ 2.6.17ರಲ್ಲಿ ಆ ಡ್ರೈವರಿಗೆ ಸ್ಥಾನ ದೊರೆಯಿತು. ಆದರೂ ತೊಡಕು ತೀರಲಿಲ್ಲ. ಕಾರ್ಡಿನೊಳಕ್ಕೆ ತುಂಬಬೇಕಾದ ಫರ್ಮ್‌ವೇರನ್ನು ಹಂಚಲು ಅನುಮತಿಯಿರಲಿಲ್ಲವಾದ್ದರಿಂದ, ಬಳಸುವವರೇ ಅದನ್ನು ಸಂಸ್ಥೆಯ ಡ್ರೈವರಿನಿಂದ ಕತ್ತರಿಸಿ ತೆಗೆದುಕೊಳ್ಳಬೇಕಾಗಿತ್ತು. ಅದಕ್ಕೆ ತಕ್ಕ ಕತ್ತರಿಯನ್ನೂ ಹವ್ಯಾಸಿಗಳೇ ಒದಗಿಸಿದರು. ಕಡೆಗೆ 2010ರ ಸೆಪ್ಟೆಂಬರಿನಲ್ಲಿ ಸಂಸ್ಥೆಯೇ ತನ್ನ ಕೆಲವು ಹೊಸ ಕಾರ್ಡುಗಳಿಗೆ ಮುಕ್ತ ಡ್ರೈವರನ್ನು ಬಿಡುಗಡೆ ಮಾಡಿತು.

ಹಣ ತೆತ್ತು ತಂದ ಯಂತ್ರ ಯಾರದು? ಮಾರಿದವನದೋ, ಕೊಂಡವನದೋ? ಕೊಂಡವನದೆಂದು ಈ ಹವ್ಯಾಸಿಗಳು ಕೃತಿಯಲ್ಲೇ ತೋರಿಸಿಕೊಟ್ಟರು.